ಬೆಂಗಳೂರಿನ ರೈಲು ಹೋಗಿ ನಿಲ್ಲುತ್ತಿದ್ದ ರಾಯಪುರಂ



ಹಳೆಯ ರೈಲು ನಿಲ್ದಾಣವೊಂದರ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಾಗ, ನಾನು ದಂಡಿನ ನಿಲ್ದಾಣವನ್ನೋ ಮೈಸೂರಿನದನ್ನೋ ಆರಿಸಿಕೊಳ್ಳುತ್ತೇನೆಂದು ಬಹಳ ಜನ ಎಣಿಸಿರಬಹುದು. ನಾನು ಆರಿಸಿಕೊಂಡಿರುವುದು ಚೆನ್ನೈನ ಉತ್ತರಕ್ಕೆ, ಬಂದರಿನ ಬೆನ್ನಿಗೆ ಇರುವ ರಾಯಪುರಂ ನಿಲ್ದಾಣವನ್ನು. ನಮಗೂ ಅದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. 1864ರ ಆಗಸ್ಟ್ 1ರಂದು ಬೆಂಗಳೂರು ದಂಡಿಗೆ ರೈಲು ಬಂತು. ಅಂದು ಇಲ್ಲಿ ರೈಲು ಹತ್ತಿ ಮದರಾಸಿಗೆ ಹೋದವರು ಇಳಿದದ್ದು ಸೆಂಟ್ರಲ್‌ನಲ್ಲಿ ಅಲ್ಲ. ಸೆಂಟ್ರಲ್ ಆಗ ಹುಟ್ಟಿರಲೇ ಇಲ್ಲ. ಅವರು ಇಳಿದದ್ದು ರಾಯಪುರಂನಲ್ಲಿ. ಮುಂದಿನ ಸುಮಾರು ಒಂಬತ್ತು ವರ್ಷ ನಮ್ಮವರ ಪಾಲಿಗೆ ಮದರಾಸು ಎಂದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ನಿಲ್ದಾಣದ ಎತ್ತರದ ಕಂಬಗಳೇ.

ಆ ಕಟ್ಟಡ ಇನ್ನೂ ಇದೆ. ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲು ನಿಲ್ದಾಣದ ಕಟ್ಟಡವೆಂದು ಅದಕ್ಕೆ ಹೆಸರು. ಆದರೆ ಆ ಹೆಸರು ಆ ಊರಿನಲ್ಲೇ ಎಷ್ಟು ಜನಕ್ಕೆ ಗೊತ್ತಿದೆಯೋ ಕಾಣೆ. ಕೆಲವು ವರ್ಷಗಳ ಹಿಂದೆ ನಾನು ಅದನ್ನು ನೋಡಲೆಂದು ಹೋದಾಗ ಆಟೋದವನಿಗೆ ‘ರಾಯಪುರಂ ಸ್ಟೇಷನ್’ ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಕಳವಾಯಿತು ಸಾರ್ ಎಂದು ಕೇಳಿದ. ಪೊಲೀಸ್ ಸ್ಟೇಷನ್ ಎಂದುಕೊಂಡಿದ್ದ. ರೈಲ್ವೆ ಸ್ಟೇಷನ್ ಎಂದು ತಿಳಿಸಿ ಹೇಳಿದ ಮೇಲೆ, ಅಲ್ಲಿ ಯಾವ ರೈಲೂ ಸಿಗುವುದಿಲ್ಲ, ಸೆಂಟ್ರಲ್‌ಗೆ ಬಿಡುತ್ತೇನೆ ಎಂದು ಒಳ್ಳೆಯ ಮನಸ್ಸಿನಿಂದಲೇ ಒತ್ತಾಯ ಮಾಡಿದ.

ಭಾರತದಲ್ಲಿ ಪ್ರಯಾಣಿಕರ ರೈಲು ಮೂರು ಕಡೆಯಿಂದ ಶುರುವಾಯಿತು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ. 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ. 1856ರ ಜುಲೈ 1ರಂದು ರಾಯಪುರಂನಿಂದ ಆರ್ಕಾಟಿನ ಹತ್ತಿರದ ವಾಲಾಜಾ ರಸ್ತೆಗೆ. ಶಾಲೆಯ ಪುಸ್ತಕದಲ್ಲಿ ನಾವು ಓದುವುದು ಮೊದಲನೆಯದನ್ನು ಮಾತ್ರ. ಆದರೆ ಬೋರಿ ಬಂದರಿನ ಆ ಮೊದಲ ನಿಲ್ದಾಣ ಇಂದು ಇಲ್ಲ. ಅದರ ಆಸುಪಾಸಿನಲ್ಲಿ 1878ರಿಂದ ಹತ್ತು ವರ್ಷ ಕಟ್ಟಿದ ಭಾರಿ ಕಟ್ಟಡವೇ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಹೌರಾದ ಮೊದಲ ನಿಲ್ದಾಣ ಒಂದು ತಗಡಿನ ಶೆಡ್ಡು. ಅದೂ ಹೋಯಿತು, ಈಗಿರುವುದು 20ನೇ ಶತಮಾನದ ಮೊದಲ ವರ್ಷಗಳದ್ದು. ಮೂರು ತೊಟ್ಟಿಲುಗಳಲ್ಲಿ ಉಳಿದುಕೊಂಡದ್ದು ಮೂರನೆಯದು ಮಾತ್ರ. ಮೂರನೆಯವರಾಗಿ ಬಂದವರನ್ನು ಯಾರೂ ನೆನಪಿಡುವುದಿಲ್ಲ ಎಂಬುದಕ್ಕೆ ರಾಯಪುರಂ ಒಳ್ಳೆಯ ಉದಾಹರಣೆ.

ಮದರಾಸಿನವರು ಹಿಂದೆ ಬಿದ್ದದ್ದೂ ವಿಚಿತ್ರವೇ. ಅಲ್ಲಿ ಹಳಿಗಳ ಮಾತು ಬಹಳ ಮೊದಲೇ ಎದ್ದಿತ್ತು. 1837ರ ಹೊತ್ತಿಗೆ, ಗೋದಾವರಿ ಅಣೆಕಟ್ಟಿನಿಂದ ಮುಂದೆ ಹೆಸರಾದ ಆರ್ಥರ್ ಕಾಟನ್, ನಗರದ ರಸ್ತೆಗಳಿಗೆ ಬೇಕಾದ ಜಂಬಿಟ್ಟಿಗೆ ಕಲ್ಲು ಸಾಗಿಸಲು ಕೆಂಪುಗುಡ್ಡದಿಂದ ಹಳಿ ಹಾಕಿಸಿದ್ದ. 1845ರಲ್ಲೇ ಲಂಡನ್ನಿನಲ್ಲಿ ಮದ್ರಾಸ್ ರೈಲ್ವೆ ಕಂಪನಿ ಹುಟ್ಟಿತು. ಹಣ ಸೇರದೆ ಮುಚ್ಚಿತು. ಮತ್ತೆ ಕೂಡಿಕೊಂಡು, ಒಪ್ಪಂದವಾಗಿ, ಕೆಲಸ ಆರಂಭವಾಗುವಷ್ಟರಲ್ಲಿ 1853 ಬಂದಿತ್ತು. ಮುಖ್ಯ ಎಂಜಿನಿಯರ್ ಜಾರ್ಜ್ ಬಾರ್ಕ್ಲೆ ಬ್ರೂಸ್. ಬಿಟ್ಟಿ ಕೆಲಸಕ್ಕೆ ಜನರನ್ನು ಹಿಡಿದು ತರುವ ಬದಲು ಕೂಲಿ ಕೊಟ್ಟು ಮಾಡಿಸಿದ ಮೊದಲಿಗರಲ್ಲಿ ಒಬ್ಬನೆಂದು ಅವನಿಗೆ ಹೆಸರಿದೆ. ನಿಲ್ದಾಣದ ವಿನ್ಯಾಸ ವಿಲಿಯಂ ಅಡೆಲ್ಪಿ ಟ್ರೇಸಿ ಎಂಬುವನದೆಂದು ಹೇಳುತ್ತಾರೆ.

ಇಲ್ಲಿ ಹಣದ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಹಳೆಯ ಕಟ್ಟಡ ಯಾರದು ಎಂಬ ಪ್ರಶ್ನೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಆ ಕಾಲದ ರೈಲ್ವೆ ಕಂಪನಿಗಳದ್ದು ಖಾಸಗಿ ಬಂಡವಾಳ. ಆದರೆ ಅಪಾಯ ಮಾತ್ರ ಅವರದ್ದಲ್ಲ. ಜಾಗ ಸರ್ಕಾರ ಬಿಟ್ಟಿಯಾಗಿ ಕೊಡುತ್ತಿತ್ತು. ಹೂಡಿದ ಹಣದ ಮೇಲೆ ಸುಮಾರು ಶೇಕಡ 5ರಷ್ಟು ಬಡ್ಡಿಗೆ ಸರ್ಕಾರವೇ ಖಾತರಿ. ರೈಲಿನಿಂದ ಅಷ್ಟು ಹುಟ್ಟದಿದ್ದರೆ ಉಳಿದದ್ದನ್ನು ಇಲ್ಲಿನ ಬೊಕ್ಕಸದಿಂದ ತುಂಬಿಕೊಡಬೇಕು. ಬೊಕ್ಕಸಕ್ಕೆ ಬರುತ್ತಿದ್ದುದರಲ್ಲಿ ದೊಡ್ಡ ಪಾಲು ಕಂದಾಯ. ಅಂದರೆ ಲಂಡನ್ನಿನ ಷೇರುದಾರ ನಿಶ್ಚಿಂತೆಯಿಂದ ನಿದ್ದೆ ಮಾಡಲಿ ಎಂದು ಇಲ್ಲಿನ ರೈತ ತೆರಿಗೆ ಕಟ್ಟಿದ. ರಾಯಪುರಂ ಬ್ರಿಟಿಷರ ಕಟ್ಟಡ, ನಮಗೇಕೆ ಅದರ ಉಸಾಬರಿ ಎನ್ನುವವರಿಗೆ ನಾನು ಈ ಲೆಕ್ಕವನ್ನು ಹೇಳುತ್ತೇನೆ.

ಜಾಗವಾಗಿ ರಾಯಪುರವನ್ನೇ ಏಕೆ ಆರಿಸಿದರು? ಸೇಂಟ್ ಜಾರ್ಜ್ ಕೋಟೆಯ ಉತ್ತರಕ್ಕೆ ವ್ಯಾಪಾರಿಗಳ ಕರಿ ಪಟ್ಟಣ, ಅಂದರೆ ಇಂದಿನ ಜಾರ್ಜ್ ಟೌನ್. ಅದರಾಚೆಗೆ ಕಡಲ ದಂಡೆಯ ಮೇಲೆ ರಾಯಪುರಂ. ಆಗ ಮದರಾಸಿಗೆ ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಸಾಮಾನನ್ನೂ ಜನರನ್ನೂ ಅಲೆಗಳ ಮೇಲೆ ಹೊತ್ತು ದಡಕ್ಕೆ ತರುತ್ತಿದ್ದವರು ಹೊಲಿದ ಹಲಗೆಯ ಮಸೂಲಾ ದೋಣಿಗಳ ಅಂಬಿಗರು. ಅವರಲ್ಲಿ ಬಹಳ ಮಂದಿ ಕ್ರೈಸ್ತರು. ಅವರ ಇಗರ್ಜಿ ಸಂತ ಪೀಟರನದು. ಪೀಟರನಿಗೆ ತಮಿಳಿನಲ್ಲಿ ರಾಯಪ್ಪರ್ ಎಂದು ಹೆಸರು. ಊರಿನ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ನಾವು ಕನ್ನಡಿಗರು ರಾಯ ಎಂದೊಡನೆ ಯಾವನೋ ಅರಸನೆಂದುಕೊಳ್ಳುತ್ತೇವೆ. ಅವನು ಮೀನುಗಾರನಾಗಿದ್ದ ಪೀಟರ್.

1856ರ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ನಿಲ್ದಾಣವನ್ನು ಉದ್ಘಾಟಿಸಿದ. ವಾಲಾಜಾ ರಸ್ತೆಗೆ ಸುಮಾರು 65 ಮೈಲಿ. ಡಬ್ಬಿಗಳನ್ನು ಮಾಡಿಕೊಟ್ಟದ್ದು ಮದರಾಸಿನಲ್ಲಿ ಸಾರೋಟು ಕಟ್ಟುತ್ತಿದ್ದ ಸಿಂಪ್ಸನ್ ಕಂಪನಿ. ಆಹ್ವಾನಿತ ಯುರೋಪಿಯನ್ನರನ್ನು ಹೊತ್ತು ಒಂದು ರೈಲು ಆರ್ಕಾಟಿನ ಕಡೆಗೂ, ಇನ್ನೊಂದು ತಿರುವಳ್ಳೂರಿಗೂ ಹೋದವು. ಲಂಡನ್ನಿನ ಸಚಿತ್ರ ಪತ್ರಿಕೆ ಆ ವರ್ಷ ನಿಲ್ದಾಣದ ಚಿತ್ರಗಳನ್ನು ಅಚ್ಚು ಮಾಡಿತು. ಆ ಚಿತ್ರಗಳನ್ನು ನೋಡಿದರೆ ಒಂದು ಅಂಶ ಗಮನಕ್ಕೆ ಬರುತ್ತದೆ. ಇದು ನಮಗೆ ಪರಿಚಯವಿರುವ ನಿಲ್ದಾಣದಂತೆ ಇಲ್ಲ. ಗಡಿಯಾರದ ಗೋಪುರವಿಲ್ಲ, ಗುಮ್ಮಟವಿಲ್ಲ. ಕಂಬಗಳ ಸಾಲು, ಎತ್ತರದ ಚಾವಣಿ, ಅಗಲವಾದ ಹಜಾರ. ಯಾವನೋ ಸಿರಿವಂತ ವ್ಯಾಪಾರಿಯ ತೋಟದ ಬಂಗಲೆಯಂತಿದೆ. ಅದಕ್ಕೆ ಕಾರಣ ಸರಳ. ರೈಲು ನಿಲ್ದಾಣ ಹೇಗಿರಬೇಕು ಎಂಬುದು ಆಗ ಇಲ್ಲಿ ಇನ್ನೂ ಗೊತ್ತಾಗಿರಲಿಲ್ಲ. ಗೌರವಸ್ಥ ಕಟ್ಟಡವೆಂದರೆ ಮದರಾಸಿನವರಿಗೆ ತಿಳಿದಿದ್ದುದು ಗ್ರೀಕ್ ರೋಮನ್ ಮಾದರಿಯ ಕಂಬಗಳ ಮನೆ. ಅದನ್ನೇ ತಂದು ಹಳಿಯ ಪಕ್ಕ ನಿಲ್ಲಿಸಿದರು. ನಿಲ್ದಾಣಕ್ಕೆ ತನ್ನದೇ ಆದ ರೂಪ ಬರುವುದಕ್ಕೆ ಮೊದಲಿನ ಗಳಿಗೆ ಅಲ್ಲಿ ಹಾಗೆಯೇ ನಿಂತಿದೆ. ಅದರ ಬೆಲೆ ಇರುವುದು ಚೆಲುವಿನಲ್ಲಿ ಅಷ್ಟಾಗಿ ಅಲ್ಲ, ಇದರಲ್ಲಿ.

ಹಳಿ ಪಶ್ಚಿಮಕ್ಕೆ ಬೆಳೆಯಿತು. ಜೋಲಾರಪೇಟೆ ದಾಟಿ, ಸೇಲಂ, ಕೊಯಮತ್ತೂರಿನ ಕಡೆಯಿಂದ ಮಲಬಾರಿನ ಬೇಪೂರಿಗೆ 1862ರ ವೇಳೆಗೆ ಮುಟ್ಟಿತು. ಜೋಲಾರಪೇಟೆಯಿಂದ ಕವಲೊಡೆದು ನಮ್ಮ ದಂಡಿಗೆ 1864ರಲ್ಲಿ ಬಂತು. ಆಗ ಮೈಸೂರು ಸೀಮೆ ಕಮಿಷನರ್ ಆಡಳಿತದಲ್ಲಿತ್ತು. ಕಮಿಷನರ್ ಲೆವಿನ್ ಬೌರಿಂಗ್. ದಾರಿಯಲ್ಲಿ ಬೌರಿಂಗ್‌ಪೇಟೆ ಎಂದು ಒಂದು ನಿಲ್ದಾಣವಾಯಿತು. ನಮ್ಮ ಜನರ ನಾಲಗೆಯಲ್ಲಿ ಅದೇ ಬಂಗಾರಪೇಟೆಯಾದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಮದರಾಸಿಗೆ ಹೋಗಬೇಕಾದವರು ಎತ್ತಿನ ಗಾಡಿ ಕಟ್ಟಬೇಕಿತ್ತು. ದಿನಕ್ಕೆ ಹದಿನೈದು ಮೈಲಿ ಸಾಗುವ ಗಾಡಿಗೆ ಅದು ಎರಡು ವಾರದ ಹಾದಿ. ರೈಲು ಅದನ್ನು ಒಂದು ದಿನದೊಳಗಿನ ಮಾತು ಮಾಡಿತು. ಹಳಿ ಹಾಕಿದ್ದು ದಂಡಿನ ಸಿಪಾಯಿಗಳಿಗಾಗಿ, ಅದರಲ್ಲಿ ಅನುಮಾನವಿಲ್ಲ. ಆದರೆ ಮೂರನೇ ತರಗತಿಯ ಬೆಂಚು ಸಿಪಾಯಿಯೊಬ್ಬನನ್ನೇ ಕೂರಿಸಿಕೊಳ್ಳಲಿಲ್ಲ.

ಈ ಹಳಿಗಳು ಕಂಡ ಅತ್ಯಂತ ಕೆಟ್ಟ ಕಾಲ 1876ರಿಂದ 78ರವರೆಗಿನದು. ನಮ್ಮ ಅಜ್ಜಿಯಂದಿರು ಧಾತು ಈಶ್ವರ ಬರ ಎಂದು ಹೇಳುತ್ತಿದ್ದರಲ್ಲ, ಅದೇ. ಮೈಸೂರು ಸೀಮೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನಾಶವಾಯಿತು. ಸಮುದ್ರದ ಮೇಲೆ ತಂದ ಧಾನ್ಯ ಮದರಾಸಿನ ದಡದಲ್ಲಿ ಬೆಟ್ಟದಂತೆ ಬಿದ್ದಿತ್ತು. ಒಳನಾಡಿಗೆ ಸಾಗಿಸಲು ಇದ್ದ ದಾರಿ ಮದ್ರಾಸ್ ರೈಲ್ವೆಯ ಈ ಹಳಿ. ಅದರ ಶಕ್ತಿಗೂ ಮಿತಿಯಿತ್ತು. ಹಳಿ ಮುಟ್ಟಿದ ಊರಿಗೆ ಧಾನ್ಯ ಮುಟ್ಟಿತು. ಹಳಿಯಿಂದಾಚೆಗೆ ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತುಹೋಗಿದ್ದವು. ಮದರಾಸಿನ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ ಈ ಬರದ ಕುರಿತು 1878ರಲ್ಲಿ ಎರಡು ಸಂಪುಟಗಳನ್ನೇ ಬರೆದ. ಬೆಂಗಳೂರು–ಮೈಸೂರು ಹಳಿಯ ಕೆಲಸ ಆರಂಭವಾದದ್ದು ಇದೇ ಬರಗಾಲದಲ್ಲಿ, ಹಸಿದವರಿಗೆ ಕೂಲಿ ಕೊಡುವ ನೆಪದಲ್ಲಿ. ಇನ್ನೊಮ್ಮೆ ಹೀಗಾಗಬಾರದೆಂಬ ಕಾರಣದಿಂದಲೇ ಉತ್ತರ ಕರ್ನಾಟಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಹೆಸರು ಮರಾಠಾ ಎಂದಿದ್ದರೂ ಅದರ ಕೇಂದ್ರ ಕಚೇರಿ ಧಾರವಾಡದಲ್ಲಿ, ಕಾರ್ಖಾನೆ ಹುಬ್ಬಳ್ಳಿಯಲ್ಲಿ.

1873ರಲ್ಲಿ ಮದರಾಸಿನ ಪಾರ್ಕ್ ಟೌನಿನಲ್ಲಿ ಸೆಂಟ್ರಲ್ ನಿಲ್ದಾಣ ತೆರೆಯಿತು. ಇಂದು ಎಂ.ಜಿ. ರಾಮಚಂದ್ರನ್ ಅವರ ಹೆಸರು ಹೊತ್ತಿರುವುದು ಅದೇ. ನಗರ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡುತ್ತಿತ್ತು, ಪ್ರಯಾಣಿಕರು ಅದರ ಹಿಂದೆ ಹೋದರು. ರಾಯಪುರಕ್ಕೆ ಉಳಿದದ್ದು ಸರಕು ಮತ್ತು ಕಚೇರಿ. 1875ರ ಕೊನೆಯಲ್ಲಿ ಶಂಕುಸ್ಥಾಪನೆಯಾದ ಬಂದರು ಬೆಳೆದಂತೆ ಸುತ್ತಲೂ ಗೋದಾಮು, ಹಳಿಗಳ ಜಾಲ ಹಬ್ಬಿತು. 1907ರ ಕೊನೆಗೆ ಮದ್ರಾಸ್ ರೈಲ್ವೆಯ ಒಪ್ಪಂದ ಮುಗಿಯಿತು. 1908ರಲ್ಲಿ ಅದರ ಹಳಿಗಳೂ ಧಾರವಾಡದ ಸದರ್ನ್ ಮರಾಠಾ ರೈಲ್ವೆಯೂ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ನಮ್ಮ ಹಿರಿಯರು ಎಂ.ಎಸ್.ಎಂ. ಎನ್ನುತ್ತಿದ್ದದ್ದು ಇದನ್ನೇ. ಕೇಂದ್ರ ಕಚೇರಿ ರಾಯಪುರಂ. ಅಂದರೆ ಗದಗಿನಲ್ಲೋ ಲೋಂಡಾದಲ್ಲೋ ಒಬ್ಬ ಪಾಯಿಂಟ್ಸ್‌ಮನ್‌ಗೆ ಆಗಬೇಕಾದ ಹುಕುಂ ರಾಯಪುರಂನ ಕಂಬಗಳ ಹಿಂದಿನಿಂದ ಹೊರಡುತ್ತಿತ್ತು. 1922ರಲ್ಲಿ ಸೆಂಟ್ರಲ್ ಪಕ್ಕದಲ್ಲಿ ದೊಡ್ಡ ಕಚೇರಿ ಕಟ್ಟಡ ಎದ್ದಿತು. ಈಗ ಅದು ದಕ್ಷಿಣ ರೈಲ್ವೆಯ ಕೇಂದ್ರ ಕಚೇರಿ. ಕಚೇರಿಯೂ ಹೋದ ಮೇಲೆ ರಾಯಪುರವನ್ನು ಕೇಳುವವರು ಕಡಿಮೆಯಾದರು.

ಈ ನಡುವೆ ಧಾರವಾಡದಲ್ಲಿ ಏನಾಯಿತು ನೋಡಿ. ರೈಲ್ವೆಯ ಕೇಂದ್ರ ಕಚೇರಿ ಮದರಾಸಿಗೆ ಹೋಯಿತು, ಕಟ್ಟಡ ಉಳಿಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಆ ಕಟ್ಟಡಕ್ಕೆ ಬಂತು. ಗೋಕಾಕರು ಪ್ರಾಂಶುಪಾಲರಾಗಿದ್ದದ್ದು, ಗಿರೀಶ ಕಾರ್ನಾಡರು ಪದವಿಗೆ ಓದಿದ್ದು ಆ ಕಾಲೇಜಿನಲ್ಲಿ. ರೈಲ್ವೆ ಗುಮಾಸ್ತರು ಸರಕಿನ ಲೆಕ್ಕ ಬರೆಯಲೆಂದು ಕಟ್ಟಿದ ಕೋಣೆಗಳಲ್ಲಿ ನಾಲ್ಕೈದು ತಲೆಮಾರು ಪಾಠ ಕೇಳಿತು. ಅಲ್ಲಿ ಯಾರೂ ಸಂರಕ್ಷಣೆ ಎಂಬ ದೊಡ್ಡ ಪದ ಬಳಸಲಿಲ್ಲ. ಕಟ್ಟಡಕ್ಕೆ ಕೆಲಸ ಕೊಟ್ಟರು, ಅದು ಉಳಿಯಿತು. ಕೆಲಸ ಕಳೆದುಕೊಂಡ ರಾಯಪುರಂ ಅದಕ್ಕಿಂತ ಹೆಚ್ಚು ಮುಖ್ಯವಾದ ಕಟ್ಟಡವಾಗಿದ್ದೂ ಹಾಳುಬಿತ್ತು.

2005ರಲ್ಲಿ ರೈಲ್ವೆ ಇಲಾಖೆ ಅದನ್ನು ದುರಸ್ತಿ ಮಾಡಿ, ಬಣ್ಣ ಬಳಿದು, ಮತ್ತೆ ಕಣ್ಣಿಗೆ ಕಾಣುವಂತೆ ಮಾಡಿತು. ಮರುವರ್ಷ ಅದಕ್ಕೆ ನೂರೈವತ್ತು ತುಂಬಿತು. ಇದು ಸಂತೋಷದ ಸಂಗತಿ. ಆದರೆ ಹಳೆಯ ಕಟ್ಟಡದ ದುರಸ್ತಿ ಎಂದರೆ ಬಣ್ಣ ಬಳಿಯುವುದಲ್ಲ ಎಂಬ ಮಾತನ್ನು ಇಲ್ಲಿ ಹೇಳಬೇಕು, ಏಕೆಂದರೆ ನಮ್ಮ ಊರಿನ ಗುಡಿ, ಮನೆ, ಶಾಲೆಗಳಿಗೂ ಅದು ಅನ್ವಯಿಸುತ್ತದೆ.

ಆ ಕಾಲದ ಮದರಾಸಿನ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮೇಲೆ ಕಪ್ಪೆಚಿಪ್ಪು ಸುಟ್ಟು ಮಾಡಿದ ನುಣುಪು ಗಾರೆ. ಅಮೃತಶಿಲೆಯಂತೆ ಹೊಳೆಯುವಷ್ಟು ಉಜ್ಜುತ್ತಿದ್ದರು. ಚಾವಣಿ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಸುಣ್ಣದ ಜಲ್ಲಿ ಹಾಕಿ ದಿನಗಟ್ಟಲೆ ಬಡಿಯುವುದು. ಬೆಂಗಳೂರು, ಮೈಸೂರಿನ ಹಳೆಯ ಮನೆಗಳಲ್ಲೂ ಇದನ್ನು ನೋಡಿರುತ್ತೀರಿ. ಸುಣ್ಣದ ಗೋಡೆ ಉಸಿರಾಡುತ್ತದೆ ಎನ್ನುತ್ತಾರೆ ಹಳೆಯ ಗಾರೆಯವರು. ಅದು ಬರಿಯ ಮಾತಲ್ಲ. ಒಳಗೆ ಸೇರಿದ ತೇವ ಆ ಗಾರೆಯ ಸಣ್ಣ ರಂಧ್ರಗಳ ಮೂಲಕ ಹೊರಗೆ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ, ನೀರು ಬಿಡದ ಪೇಂಟು ಬಳಿದರೆ, ತೇವಕ್ಕೆ ದಾರಿ ಇಲ್ಲ. ಕಡಲ ಪಕ್ಕದ ಊರಿನಲ್ಲಿ ಆ ತೇವದ ಜೊತೆ ಉಪ್ಪೂ ಇರುತ್ತದೆ. ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ನೋಡಿದರೆ ಗೋಡೆ ಮದುವಣಗಿತ್ತಿಯಂತೆ ಇರುತ್ತದೆ, ಒಳಗೆ ಹಿಟ್ಟು. ನಾಲ್ಕು ಮಳೆಗಾಲ ಕಳೆದ ಮೇಲೆ ಕಟ್ಟಡ ಶಿಥಿಲವಾಗಿದೆ, ಕೆಡವಿ ಎಂದು ವರದಿ ಬರುತ್ತದೆ. ನಮ್ಮ ತಾತನ ಮನೆಗೆ ಇದೇ ಆಯಿತು, ಅದಕ್ಕೇ ಇಷ್ಟು ಹೇಳಿದೆ.

ರಾಯಪುರಂನ ಮುಂದಿರುವ ನಿಜವಾದ ಪ್ರಶ್ನೆ ಬೇರೆ. ನಿಲ್ದಾಣದ ಸುತ್ತ ರೈಲ್ವೆಗೆ ಸೇರಿದ ವಿಶಾಲವಾದ ಜಾಗವಿದೆ. ಸೆಂಟ್ರಲ್, ಎಗ್ಮೋರ್‌ಗಳಲ್ಲಿ ಕಾಲಿಡಲು ಸ್ಥಳವಿಲ್ಲ. ಆದ್ದರಿಂದ ರಾಯಪುರವನ್ನು ಮತ್ತೆ ದೊಡ್ಡ ಟರ್ಮಿನಲ್ ಮಾಡಿ ಎಂದು ಉತ್ತರ ಚೆನ್ನೈನ ಜನ ಬಹಳ ವರ್ಷಗಳಿಂದ ಕೇಳಿದ್ದಾರೆ. ಅವರ ಬೇಡಿಕೆಯಲ್ಲಿ ನ್ಯಾಯವಿದೆ. ಬಂದರು, ಕಾರ್ಖಾನೆ, ಮೀನುಗಾರರ ಕೇರಿಗಳ ಆ ಭಾಗಕ್ಕೆ ನಗರದ ಸೌಲಭ್ಯಗಳು ಯಾವಾಗಲೂ ತಡವಾಗಿಯೇ ತಲುಪಿವೆ. ಇನ್ನೊಂದು ಕಡೆ ಪರಂಪರೆಯ ಪರವಾಗಿ ವಾದಿಸುವವರು ಹಳೆಯ ಕಟ್ಟಡವನ್ನು ಮುಟ್ಟಬೇಡಿ ಎನ್ನುತ್ತಾರೆ. ವಿಷಯ ಹೈಕೋರ್ಟಿನವರೆಗೂ ಹೋಯಿತು. ತಮಿಳುನಾಡಿನಲ್ಲಿ 2012ರಿಂದ ಪರಂಪರೆ ಆಯೋಗದ ಕಾನೂನು ಇದೆ. ಆದರೆ ರೈಲ್ವೆಯ ಆಸ್ತಿ ಕೇಂದ್ರದ್ದು. ನೂರು ವರ್ಷ ದಾಟಿದ ಮಾತ್ರಕ್ಕೆ ಯಾವ ಕಟ್ಟಡವೂ ತಾನಾಗಿ ರಕ್ಷಿತ ಸ್ಮಾರಕವಾಗುವುದಿಲ್ಲ, ಹಾಗೆ ಘೋಷಿಸಬೇಕು.

ಈ ಎರಡು ಪಕ್ಷಗಳೂ ಒಂದನ್ನೊಂದು ಶತ್ರುಗಳೆಂದು ಭಾವಿಸಿರುವುದು ನನಗೆ ತಪ್ಪಾಗಿ ಕಾಣುತ್ತದೆ. ಮುಂಬಯಿಯ ಬೈಕುಲಾ ನಿಲ್ದಾಣವನ್ನು ತೆಗೆದುಕೊಳ್ಳಿ. ಅದೂ ದೇಶದ ಮೊದಲ ರೈಲು ಮಾರ್ಗದ ನಿಲ್ದಾಣ. ಎಡೆಬಿಡದೆ ಲೋಕಲ್ ರೈಲುಗಳು ಓಡುವ ಜಾಗ. ಅದರ ಹಳೆಯ ಕಟ್ಟಡವನ್ನು ರೈಲು ನಿಲ್ಲಿಸದೆ, ಪ್ರಯಾಣಿಕರನ್ನು ಹೊರಗಟ್ಟದೆ, ಮೂಲ ರೂಪಕ್ಕೆ ತಂದರು. 2022ರ ಸಾಲಿನ ಯುನೆಸ್ಕೋ ಏಷ್ಯಾ–ಪೆಸಿಫಿಕ್ ಪ್ರಶಸ್ತಿಗಳಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. ಅದೇ ಲಂಡನ್ನಿನಲ್ಲಿ 1961–62ರಲ್ಲಿ ಯೂಸ್ಟನ್ ನಿಲ್ದಾಣದ ಕಲ್ಲಿನ ಮಹಾದ್ವಾರವನ್ನು ಹೊಸ ನಿಲ್ದಾಣಕ್ಕೆ ಅಡ್ಡಿಯೆಂದು ಕೆಡವಿದರು. ಅಲ್ಲಿನವರು ಅದಕ್ಕಾಗಿ ಇವತ್ತಿಗೂ ಕೈಕೈ ಹಿಸುಕಿಕೊಳ್ಳುತ್ತಾರೆ. ಪಕ್ಕದಲ್ಲೇ ಇದ್ದ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೂ ಅದೇ ಗತಿ ಬರುವುದರಲ್ಲಿತ್ತು. ಯೂಸ್ಟನ್‌ನಿಂದ ಪಾಠ ಕಲಿತವರು ಅದನ್ನು ಉಳಿಸಿದರು. 2007ರಿಂದ ಪ್ಯಾರಿಸ್ಸಿಗೆ ಹೋಗುವ ರೈಲುಗಳು ಹೊರಡುವುದು ಅಲ್ಲಿಂದಲೇ.

ರಾಯಪುರಂನಲ್ಲಿ ಜಾಗಕ್ಕೇನೂ ಬರಗಾಲವಿಲ್ಲ. ಹೊಸ ಪ್ಲಾಟ್‌ಫಾರಂಗಳು ಹಳೆಯ ಕಟ್ಟಡದ ಆಚೆಗೆ ಬರಬಹುದು. ಹಳೆಯದು ಟಿಕೆಟ್ ಕೊಡುವ, ಜನ ಕೂರುವ ಹಜಾರವಾಗಿಯೇ ಇರಬಹುದು. ಅದನ್ನು ವಸ್ತುಸಂಗ್ರಹಾಲಯ ಮಾಡಿ ಎನ್ನುವವರಿದ್ದಾರೆ. ನನಗೆ ಆ ಸಲಹೆ ಅಷ್ಟು ಹಿಡಿಸುವುದಿಲ್ಲ. ಮೈಸೂರಿನಲ್ಲಿ 1979ರಲ್ಲೇ ರೈಲು ವಸ್ತುಸಂಗ್ರಹಾಲಯ ಬಂತು, ಮಕ್ಕಳನ್ನು ಕರೆದುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಓಡುವುದನ್ನು ನಿಲ್ಲಿಸಿದ ಎಂಜಿನ್ನಿಗೆ ಅದು ಸರಿ. ಓಡುವ ಹಳಿಯ ಪಕ್ಕ ಇರುವ ನಿಲ್ದಾಣಕ್ಕೆ ರೈಲೇ ಬೇಕು. ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಟಿಕೆಟ್ ಇಟ್ಟ ಕೋಣೆಗೆ ವರ್ಷಕ್ಕೊಮ್ಮೆ ಶಾಲೆಯ ಮಕ್ಕಳು ಬರುತ್ತಾರೆ. ಬೆಳಗಿನ ರೈಲು ಹಿಡಿಯುವವರು ದಿನಾ ಬರುತ್ತಾರೆ. ಸೋರುವ ಚಾವಣಿಯನ್ನು ಮೊದಲು ಗಮನಿಸುವವರೂ ಗಲಾಟೆ ಮಾಡುವವರೂ ಅವರೇ.

ನಮ್ಮ ಕಡೆಗೂ ಒಂದು ಮಾತು. ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ನಂದಿ ಹಾಲ್ಟ್‌ನಂಥ ಸಣ್ಣ ನಿಲ್ದಾಣಗಳನ್ನು ಉಳಿಸುವ ಕೆಲಸಕ್ಕೆ ಇನ್‌ಟ್ಯಾಕ್ ಸಂಸ್ಥೆ ಕೈಹಾಕಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೆಂಚಿನ ಮಾಡು, ಮರದ ಬೆಂಚು, ಒಂದು ಟಿಕೆಟ್ ಕಿಂಡಿ, ಇಷ್ಟೇ ಇರುವ ನಿಲ್ದಾಣಗಳು. ರಾಯಪುರಂನ ಕಂಬಗಳ ಮುಂದೆ ಅವು ಏನೂ ಅಲ್ಲ. ಆದರೆ ಅಂಥ ನೂರಾರು ನಿಲ್ದಾಣಗಳು ನಮ್ಮ ಸುತ್ತ ಇವೆ, ಗೇಜ್ ಬದಲಾವಣೆಯಾದಾಗ, ಜೋಡಿ ಹಳಿ ಬಂದಾಗ, ಒಂದೊಂದಾಗಿ ಕಾಣೆಯಾಗುತ್ತಿವೆ. ನಿಮ್ಮೂರಿನ ನಿಲ್ದಾಣ ಯಾವ ವರ್ಷದ್ದು ಎಂದು ಒಮ್ಮೆ ವಿಚಾರಿಸಿ ನೋಡಿ. ಹೆಚ್ಚಿನ ಕಡೆ ಗೋಡೆಯ ಮೇಲೆಯೋ ತೊಲೆಯ ಮೇಲೆಯೋ ಇಸವಿ ಇರುತ್ತದೆ, ಬಣ್ಣದ ಕೆಳಗೆ.

ಚೆನ್ನೈಗೆ ಹೋಗುವವರಿಗೆ ದಾರಿ ಹೇಳಿ ಮುಗಿಸುತ್ತೇನೆ. ಸೆಂಟ್ರಲ್‌ನಲ್ಲಿ ಇಳಿದು ಬೀಚ್ ನಿಲ್ದಾಣಕ್ಕೆ ಹೋಗಿ. ಅಲ್ಲಿಂದ ಉತ್ತರಕ್ಕೆ ಹೋಗುವ ಲೋಕಲ್‌ನಲ್ಲಿ ಮುಂದಿನದೇ ರಾಯಪುರಂ. ಬಹಳ ರೈಲುಗಳಿಲ್ಲ, ವೇಳೆ ವಿಚಾರಿಸಿಕೊಂಡು ಹೋಗಿ. ಆಟೋದಲ್ಲಿ ಹೋಗುವುದಾದರೆ ಬರಿಯ ಸ್ಟೇಷನ್ ಎನ್ನಬೇಡಿ, ರೈಲ್ವೆ ಸ್ಟೇಷನ್ ಎನ್ನಿ.